ತಕ್ಕಡಿ ಮಾಮ ಸೀಲು ಹಾಕಿದ ಜಂಪ್ ಸ್ಟಾರ್ಟರ್

ಏಯ್, ಮೇಲಿನ ಮಹಡಿಯಲ್ಲಿ ಬಟ್ಟೆ ಹಿಂಡುತ್ತಿರುವವರೇ! ಎದುರು ಸಾಲಿನಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಿರುವ ಅಣ್ಣಾ! ಆ ಪಂಪನ್ನು ಒಂದು ಗಳಿಗೆ ನಿಲ್ಲಿಸು ಪುಣ್ಯಾತ್ಮ, ಮಾತು ಕೇಳಿಸಬೇಕಲ್ಲ. ಇಲ್ಲಿಗೆ ಬರದಿದ್ದರೂ ಪರವಾಗಿಲ್ಲ, ನಿಂತಲ್ಲಿಂದಲೇ ಕಿವಿ ಇತ್ತ ಕೊಡಿ. ಇಳಿಜಾರು ಬೀದಿಯ ತಕ್ಕಡಿ ಮಾಮ ಒಂದು ಜಂಪ್ ಸ್ಟಾರ್ಟರನ್ನು ಪರೀಕ್ಷೆ ಮಾಡಿದ ಕಥೆ ಇದು. ಜಂಪ್ ಸ್ಟಾರ್ಟರ್ ಎಂದರೆ ಗೊತ್ತಲ್ಲ? ಕಾರಿನ ಬ್ಯಾಟರಿ ಕೈಕೊಟ್ಟಾಗ ಅದರ ಎರಡೂ ಕಿವಿ ಹಿಡಿದು ಎಬ್ಬಿಸುವ ಪುಟ್ಟ ಡಬ್ಬಿ. ಕಿಸೆಯಲ್ಲಿ ಹಿಡಿಯುವುದಿಲ್ಲ, ಕೈಯಲ್ಲಿ ಹಿಡಿಯುತ್ತದೆ.

ಮೊದಲು ಮಾಮನ ವಿಷಯ. ಅಂಗಡಿಗಳ ತಕ್ಕಡಿ ರಿಪೇರಿ ಮಾಡುವುದು ಅವರ ಕಸುಬು. ಹಳೆಯ ಮುಳ್ಳಿನ ತಕ್ಕಡಿಯಿಂದ ಹಿಡಿದು ಹಸಿರು ಅಂಕಿ ಮಿನುಗಿಸುವ ಈಗಿನ ಯಂತ್ರದ ತನಕ ಯಾವುದು ಸೊಂಟ ಮುರಿದುಕೊಂಡು ಬಂದರೂ ನೆಟ್ಟಗೆ ನಿಲ್ಲಿಸಿ ಕಳಿಸುತ್ತಾರೆ. ಮನೆಯ ಕೆಳಗಿನ ಕೋಣೆಯೇ ಅವರ ಕಾರ್ಖಾನೆ. ಗೋಡೆಯ ತುಂಬಾ ಕೊಕ್ಕೆ, ಕೊಕ್ಕೆಯ ತುಂಬಾ ತಟ್ಟೆ. ಆ ಕೋಣೆಯ ಕಿಟಕಿ ತೆರೆದದ್ದನ್ನು ಬೀದಿಯವರು ಯಾರೂ ಕಂಡಿಲ್ಲ. "ಗಾಳಿ ಬಂತು ಅಂದ್ರೆ ತಕ್ಕಡಿ ಸುಳ್ಳು ಹೇಳೋಕೆ ಶುರು ಮಾಡುತ್ತೆ" ಎನ್ನುತ್ತಾರೆ ಮಾಮ. ಹಾಗಾಗಿ ಬೇಸಿಗೆಯಲ್ಲೂ ಒಳಗೆ ಬೆವರು ಸುರಿಸುತ್ತಾ, ಉಸಿರನ್ನು ಕೂಡ ಪಕ್ಕಕ್ಕೆ ತಿರುಗಿ ಬಿಡುತ್ತಾ ಕೂತಿರುತ್ತಾರೆ.

ರಿಪೇರಿಯಾದ ತಕ್ಕಡಿಗೆ ಮಾಮ ಸೀಲು ಹಾಕುತ್ತಾರೆ. ತೆಳು ತಂತಿ ಸುತ್ತಿ, ತುದಿಗೆ ಬಟಾಣಿ ಕಾಳಿನಷ್ಟು ಸೀಸದ ಗುಂಡು ಪೋಣಿಸಿ, ಇಕ್ಕಳದಿಂದ ಒತ್ತಿದರೆ ಮುಗಿಯಿತು. ಇದು ಒಳ್ಳೆಯ ಸೀಲು. ಇನ್ನೊಂದಿದೆ, ಕೆಟ್ಟ ಸೀಲು. ಮೋಸ ಮಾಡುವ ತಕ್ಕಡಿಯ ತಟ್ಟೆಯನ್ನು ಅಲುಗಾಡದಂತೆ ಕಟ್ಟಿ ಅದೇ ಗುಂಡು ಒತ್ತಿಬಿಟ್ಟರೆ, ತಂತಿ ಕಡಿಯದೆ ಅದನ್ನು ಬಳಸುವ ಹಾಗಿಲ್ಲ. ಎರಡಕ್ಕೂ ಇಕ್ಕಳ ಒಂದೇ. ಒಳ್ಳೆಯ ಸೀಲು ಬೀಳಬೇಕಾದರೆ ಮೂರು ಪರೀಕ್ಷೆ ದಾಟಬೇಕು. ಮೊದಲನೆಯದು ಖಾಲಿ ಪರೀಕ್ಷೆ, ಸುಮ್ಮನೆ ಇಟ್ಟು ನೋಡುವುದು. ಎರಡನೆಯದು ಭಾರದ ಪರೀಕ್ಷೆ. ಮೂರನೆಯದು ಕಳ್ಳ ಪರೀಕ್ಷೆ. ತಕ್ಕಡಿ ಅಂಗಡಿಗೆ ಹೋಗಿ ಕೆಲವು ದಿನ ಕಳೆದ ಮೇಲೆ, ಗಿರಾಕಿಗಳ ನೂಕುನುಗ್ಗಲಿನ ಹೊತ್ತಿನಲ್ಲಿ ಮಾಮ ಹೇಳದೆ ಕೇಳದೆ ನುಗ್ಗಿ, ಜೇಬಿನಿಂದ ಒಂದು ಹಿತ್ತಾಳೆ ಬೀಗ ತೆಗೆದು ತಟ್ಟೆಗೆ ಹಾಕುತ್ತಾರೆ. ಆ ಬೀಗಕ್ಕೆ ಕೀಲಿಯೂ ಇಲ್ಲ, ಬಾಗಿಲೂ ಇಲ್ಲ, ತೂಕ ಮಾತ್ರ ಇದೆ. "ಪರೀಕ್ಷೆ ನಡೀತಿದೆ ಅಂತ ತಕ್ಕಡಿಗೆ ಗೊತ್ತಾಗಬಾರ್ದು" ಎನ್ನುವುದು ಅವರ ನಿಯಮ.

ಇನ್ನು ಮಾಮನ ಹೆಂಡತಿ. ಬೀದಿಯ ಬಾಯಲ್ಲಿ ಅವರು ಸೂಜಿ ಅತ್ತೆ. ಲ್ಯಾಬಿನವರ ಪರವಾಗಿ ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತೆಗೆಯುವುದು ಅವರ ಕೆಲಸ. ಕೈ ಎಷ್ಟು ಹಗುರವೆಂದರೆ, ಹತ್ತಿ ಒತ್ತಿ ಪ್ಲಾಸ್ಟರ್ ಹಚ್ಚಿದ ಮೇಲೂ "ಚುಚ್ಚೋದು ಯಾವಾಗಮ್ಮ?" ಎಂದು ಕಣ್ಣು ಮುಚ್ಚಿಕೊಂಡೇ ಕೇಳುವ ಅಜ್ಜಂದಿರಿದ್ದಾರೆ. ಇವರ ಗಿರಾಕಿಗಳೆಲ್ಲ ರಾತ್ರಿಯಿಂದ ಉಪವಾಸ. ಸ್ಯಾಂಪಲ್ ಕೊಡುವ ತನಕ ಬಾಯಿಗೆ ಏನೂ ಹಾಕಿಕೊಳ್ಳುವಂತಿಲ್ಲವಲ್ಲ! ಅತ್ತೆ ತಡವಾದರೆ ಊರಿನಲ್ಲಿ ಅಷ್ಟೂ ಹೊಟ್ಟೆ ಒಟ್ಟಿಗೆ ಗುರುಗುಡುತ್ತವೆ, ಅಷ್ಟೂ ಫೋನು ಒಟ್ಟಿಗೆ ಬಡಿದುಕೊಳ್ಳುತ್ತವೆ.

ಅತ್ತೆಗೊಂದು ಹಳೆಯ ಕಾರಿದೆ. ಅದಕ್ಕೆ ಅಜ್ಜಿ ಎಂದು ಹೆಸರು. ಅಜ್ಜಿಯ ರೋಗ ಒಂದೇ: ಬೆಳಗ್ಗೆ ಏಳುವುದಿಲ್ಲ. ಸಂಜೆ ಗುಂಡುಕಲ್ಲಿನ ಹಾಗೆ ಬಂದು ನಿಂತದ್ದು, ಬೆಳಗ್ಗೆ ಕೀ ತಿರುಗಿಸಿದರೆ 'ಟಕ್' ಎಂದು ಸುಮ್ಮನಾಗುತ್ತದೆ. ಬ್ಯಾಟರಿ ಬದಲಾಯಿಸಿದ್ದಾಯಿತು, ಮತ್ತೊಮ್ಮೆ ಬದಲಾಯಿಸಿದ್ದೂ ಆಯಿತು. ಮೂಲೆಯ ಗ್ಯಾರೇಜಿನ ಮೆಕ್ಯಾನಿಕ್ ಹಗಲಿಡೀ ಮೀಟರು ಹಚ್ಚಿ ನೋಡಿದ. ಎಲ್ಲಿಯೂ ಕರೆಂಟು ಸೋರುತ್ತಿರಲಿಲ್ಲ. "ಅತ್ತೆ, ಎಲ್ಲಾ ಸರಿಯಾಗಿದೆ. ವಯಸ್ಸಾಯ್ತು, ಬೆಳಗ್ಗೆ ಹೊತ್ತು ಒಂಚೂರು ಜಡ ಇರುತ್ತೆ. ನಮ್ಮಪ್ಪಂಗೂ ಹಂಗೇ" ಎಂದು ಬಾನೆಟ್ ಮುಚ್ಚಿ ಕಳಿಸಿದ.

ಹಾಗಾಗಿ ಉಳಿದದ್ದು ಒಂದೇ ದಾರಿ, ತಳ್ಳುವುದು. ಮಾಮನಿಗೆ ಕಾರು ಓಡಿಸಲು ಬರುವುದಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. "ಮುಂದಿನ ಅರ್ಧ ಅವಳದ್ದು, ಹಿಂದಿನ ಅರ್ಧ ನಂದು" ಎಂದು ಮದುವೆಯ ಆಸ್ತಿ ಪಾಲು ಮಾಡಿದವರ ಹಾಗೆ ಹೇಳುತ್ತಿದ್ದರು. ಬೆಳಗಾದರೆ ಅತ್ತೆ ಸ್ಟಿಯರಿಂಗ್ ಹಿಡಿಯುವುದು, ಮಾಮ ಡಿಕ್ಕಿಯ ಮೇಲೆ ಎರಡೂ ಅಂಗೈ ಊರಿ "ಹ್ಞೂಂ, ಬಿಡೇ ಬ್ರೇಕು!" ಎನ್ನುವುದು. ಮೇಲಿನ ಕಿಟಕಿಯಿಂದ ಟೈಲರಮ್ಮ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, "ಏನ್ ಮಾಮ, ಇವತ್ತೂ ಎತ್ತಿನ ಕೆಲ್ಸಾನಾ?" ಎನ್ನುವುದು. "ಎತ್ತಿಗಾದ್ರೂ ಭಾನುವಾರ ರಜಾ ಕಣಮ್ಮ!" ಎಂದು ಮಾಮ ಏದುಸಿರಿನಲ್ಲೇ ತಿರುಗಿ ಕೊಡುವುದು. ಇಳಿಜಾರಿನಲ್ಲಿ ಅಜ್ಜಿ ನಾಲ್ಕು ಸಲ ಕೆಮ್ಮಿ, ಹೊಗೆ ಉಗುಳಿ, ಎದ್ದು ಓಡುವುದು. ಮಾಮ ಬೀದಿಯ ನಟ್ಟನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಕಾರು ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ಒಂದು ಕೈ ಎತ್ತುವುದು. ವರ್ಷಗಟ್ಟಲೆ ತಳ್ಳಿ ತಳ್ಳಿ ಡಿಕ್ಕಿಯ ಮೇಲೆ ಅವರ ಎರಡು ಅಂಗೈಗಳ ಜಾಗದಲ್ಲಿ ಬಣ್ಣವೇ ಮಾಸಿತ್ತು. "ಅಲ್ಲೊಂಚೂರು ಪೇಂಟ್ ಹೊಡೀಲಾ?" ಎಂದು ಮೆಕ್ಯಾನಿಕ್ ಕೇಳಿದ್ದಕ್ಕೆ ಅತ್ತೆ, "ಮುಟ್ಟಿದ್ರೆ ನೋಡು!" ಎಂದಿದ್ದರು.

ಈಗ ಒಂದು ಗುಟ್ಟು. ಮಾಮನದು, ಯಾರಿಗೂ ಗೊತ್ತಿಲ್ಲದ್ದು. ರಕ್ತದ ಟ್ಯೂಬುಗಳನ್ನು ತಣ್ಣಗಿಡಲು ಅತ್ತೆಯ ಡಿಕ್ಕಿಯಲ್ಲಿ ಒಂದು ಕೂಲರ್ ಇದೆ, ಬಾಲದ ಹಾಗೆ ವೈರಿರುವ ನೀಲಿ ಡಬ್ಬ. ಡಿಕ್ಕಿಯ ಸಾಕೆಟ್ಟಿಗೆ ಆ ವೈರು ಸಿಕ್ಕಿಸಿದರೆ ಒಳಗೆ ತಂಪಾಗುತ್ತದೆ. ಆದರೆ ತಂಪಾಗಲು ಹೊತ್ತು ಹಿಡಿಯುತ್ತದೆ. ಕಾರು ಹೊರಟ ಮೇಲೆ ಸಿಕ್ಕಿಸಿದರೆ ಮೊದಲ ಮನೆಗಳ ಸ್ಯಾಂಪಲ್ ಇಡುವ ಹೊತ್ತಿಗೆ ಡಬ್ಬ ಇನ್ನೂ ಬೆಚ್ಚಗೇ ಇರುತ್ತದೆ ಎಂದು ಅತ್ತೆ ಹಿಂದೊಮ್ಮೆ ಪೇಚಾಡಿದ್ದರು. ಕಾರಿನ ಕೀ ತೆಗೆದರೆ ಸಾಕೆಟ್ಟುಗಳೆಲ್ಲ ಆಫ್ ಎಂದು ಮೆಕ್ಯಾನಿಕ್ ಹೇಳಿದ್ದ, ಅತ್ತೆ ನಂಬಿದ್ದರು. ಆದರೆ ಡಬ್ಬ ಒರೆಸುವಾಗ ಮಾಮ ಸುಮ್ಮನೆ ವೈರು ಸಿಕ್ಕಿಸಿ ನೋಡಿದರೆ, ಕೀ ಇಲ್ಲದೆಯೇ ಒಳಗಿನ ಫ್ಯಾನು 'ಗುಂಯ್' ಎಂದಿತ್ತು! ಹಿಂದಿನ ಮಾಲೀಕ ಯಾವನೋ ಡಿಕ್ಕಿಯ ಸಾಕೆಟ್ಟನ್ನು ನೇರ ಬ್ಯಾಟರಿಗೆ ಕಟ್ಟಿಬಿಟ್ಟಿದ್ದ.

ಮಾಮನಿಗೆ ನಿಧಿ ಸಿಕ್ಕಷ್ಟು ಖುಷಿ. ಅಂದಿನಿಂದ ಅತ್ತೆಗಿಂತ ಬಹಳ ಮುಂಚೆ, ಕತ್ತಲು ಕರಗುವ ಮೊದಲೇ ಎದ್ದು, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು, ವೈರು ಸಿಕ್ಕಿಸುತ್ತಿದ್ದರು. ಆಮೇಲೆ ಕೆಳಗಿನ ಕೋಣೆಯಲ್ಲಿ ಏನೋ ಕುಟ್ಟುತ್ತಾ ಕೂತಿದ್ದು, ಮೇಲೆ ಅತ್ತೆ ಲೋಟ ತೊಳೆಯುವ ಸದ್ದು ಕೇಳಿದೊಡನೆ ಓಡಿಹೋಗಿ ವೈರು ಕಿತ್ತು ಮೊದಲಿದ್ದ ಹಾಗೆ ಸುತ್ತಿಡುತ್ತಿದ್ದರು. ಹೇಳಿದರೆ ಅತ್ತೆ "ನಿದ್ದೆಗೆಟ್ಟು ಸಾಯ್ಬೇಡಿ" ಎಂದು ನಿಲ್ಲಿಸಿಬಿಡುತ್ತಾರೆ ಎಂಬ ಭಯ. ಅತ್ತೆ ಡಬ್ಬ ಮುಟ್ಟಿ, "ಎಂಥಾ ಡಬ್ಬ ರೀ ಇದು, ರಾತ್ರಿಯಿಡೀ ತಂಪು ಹಿಡಿದಿಟ್ಕೊಳ್ಳುತ್ತೆ!" ಎಂದು ಹೊಗಳಿದಾಗಲೆಲ್ಲ, ಮಾಮ ಡಬ್ಬದ ಪರವಾಗಿ ಒಳಗೊಳಗೇ ಹಿಗ್ಗುತ್ತಿದ್ದರು.

ಹೀಗಿರುವಾಗ ಒಂದು ಬೆಳಗ್ಗೆ ತಳ್ಳುತ್ತಾ ತಳ್ಳುತ್ತಾ ಮಾಮನ ಸೊಂಟ 'ಚಳಕ್' ಎಂದಿತು. ಕಾರು ಮುಂದೆ ಹೋಯಿತು, ಮಾಮ ಬಗ್ಗಿದವರು ಬಗ್ಗಿದ ಹಾಗೇ ನಿಂತರು. ಡಾಕ್ಟರು ಬೆನ್ನಿಗೆ ಪಟ್ಟಿ ಬಿಗಿದು, "ಇನ್ಮೇಲೆ ಕಾರ್ ತಳ್ಳೋದು ಬಂದ್. ಕುರ್ಚಿ ತಳ್ಳೋದೂ ಬೇಡ" ಎಂದರು. ಅದೇ ಸಂಜೆ ಅತ್ತೆ ಬಜಾರಿನಿಂದ ಒಂದು ಕೆಂಪು ಡಬ್ಬಿ ತಂದು ಮಾಮನ ಮೇಜಿನ ಮೇಲೆ ಇಟ್ಟರು.

"ಏನೇ ಇದು, ಇಟ್ಟಿಗೆ ಚೂರು?"

"ಜಂಪ್ ಸ್ಟಾರ್ಟರ್ ಅಂತೆ. ರಿಯಾಯ್ತಿ ಬುಟ್ಟೀಲಿ ಬಿದ್ದಿತ್ತು, ಅಗ್ಗಕ್ಕೆ ಸಿಕ್ತು. ಇನ್ನು ನೀವು ತಳ್ಳೋದು ಬೇಡ."

"ಅಗ್ಗಕ್ಕೆ ಯಾಕೆ ಸಿಕ್ತು ಅಂತ ಕೇಳಿದ್ಯಾ?"

"ಕೇಳಿದ್ರೆ ಜಾಸ್ತಿ ಮಾಡ್ತಾರೆ ಅಂತ ಕೇಳಲಿಲ್ಲ. ನೀವೇ ಪರೀಕ್ಷೆ ಮಾಡಿ, ಸೀಲು ಹಾಕಿ ಕೊಡಿ. ನಿಮ್ಮ ಸೀಲು ಬಿದ್ರೆ ಮಾತ್ರ ನಂಬ್ತೀನಿ."

ಮಾಮ ಆ ಡಬ್ಬಿಯನ್ನು ತಮ್ಮತ್ತ ಎಳೆದುಕೊಂಡರು. ಇಟ್ಟಿಗೆ ಪಾಸಾದರೆ ಬೆಳಗಿನ ಬೀದಿಯಲ್ಲಿ ತನಗೇನು ಕೆಲಸ? ಹಿಂದಿನ ಅರ್ಧ ಯಾರದು? ಜೀವಮಾನದಲ್ಲೇ ಮೊದಲ ಬಾರಿಗೆ, ಒಂದು ವಸ್ತು ಫೇಲಾಗಲಿ ಎಂದು ಹಾರೈಸುತ್ತಾ ಅವರು ಪರೀಕ್ಷೆಗೆ ಕೂತರು.

ಖಾಲಿ ಪರೀಕ್ಷೆ ಶುರುವಾಯಿತು. ತಕ್ಕಡಿಯವರಲ್ಲವೆ, ಮೊದಲು ಅದನ್ನು ತೂಗಿದರು. ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲೆ ಬರೆದದ್ದಕ್ಕಿಂತ ತೂಕ ಕಡಿಮೆ! "ಸಿಕ್ಕಿಬಿದ್ದ!" ಎಂದು ಮಾಮ ಕುರ್ಚಿಯಿಂದ ಅರ್ಧ ಎದ್ದು, ಸೊಂಟ ನೆನಪಾಗಿ ಕೂತರು. ಮೇಲಿನಿಂದ ಅತ್ತೆ ಕೂಗಿದರು, "ವೈರು ಇಲ್ಲೇ ಇದೆ ರೀ! ಅದನ್ನೂ ಸೇರಿಸಿ ತೂಗಿ!" ಕೆಂಪು ಕಪ್ಪು ಚಿಮಟಿಗಳ ವೈರನ್ನು ಸೇರಿಸಿ ತೂಗಿದರೆ ಮುಳ್ಳು ನೆಟ್ಟಗೆ ನಿಂತಿತು. ಮಾಮನ ಮುಖ ಇಳಿಯಿತು. ಆಮೇಲೆ ಅದರ ಟಾರ್ಚು ಬೆಳಗಿಸಿ ನೋಡಿದರು, ಕಣ್ಣು ಕೋರೈಸಿತು. ಫೋನಿಗೆ ಚಾರ್ಜು ಹಾಕಿದರು, ತುಂಬಿತು. ರಟ್ಟಿನ ಮೇಲೆ ಎಷ್ಟೋ ಆಂಪಿಯರ್ ಎಂದು ಸೊನ್ನೆಗಳನ್ನು ಪೋಣಿಸಿದ್ದರು. "ಇಷ್ಟು ಕರೆಂಟ್ ಇದ್ರೆ ಇದು ರೈಲನ್ನೂ ಎಬ್ಬಿಸ್ಬೇಕು" ಎಂದು ಮಾಮ ಗೊಣಗಿದರು. ಆದರೆ ಬಡಾಯಿಗೆ ಕೆಟ್ಟ ಸೀಲು ಹಾಕಲು ಬರುವುದಿಲ್ಲ. ಬಡಾಯಿ ಕೊಚ್ಚದ ರಟ್ಟು ಯಾವ ಅಂಗಡಿಯಲ್ಲಿದೆ?

ಮರುದಿನ ಭಾರದ ಪರೀಕ್ಷೆ. ಮಾಮ ಎಂದಿನಂತೆ ಕತ್ತಲಲ್ಲೇ ಎದ್ದು ಕೂಲರಿನ ವೈರು ಸಿಕ್ಕಿಸಿದರು, ಎಂದಿನಂತೆ ಕಿತ್ತರು. ಅತ್ತೆ ಬಂದು ಕೀ ತಿರುಗಿಸಿದರು. ಎಂದಿನಂತೆ, 'ಟಕ್'. ಮಾಮ ಬಾನೆಟ್ ಎತ್ತಿ ಕೆಂಪು ಚಿಮಟಿಯನ್ನು ಕೆಂಪಿಗೂ ಕಪ್ಪನ್ನು ಕಪ್ಪಿಗೂ ಕಚ್ಚಿಸಿದರು. ಇಟ್ಟಿಗೆಯ ವೈರಿನ ಮೇಲೊಂದು ಹಸಿರು ದೀಪ ಹತ್ತಿತು.

"ತಿರುಗಿಸೇ."

'ಗ್ರ್ರ್ ರ್ರ್' ಎಂದು ಅಜ್ಜಿ ಒಂದೇ ಏಟಿಗೆ ಎದ್ದು ಕೂತಿತು. ಕೆಮ್ಮಲಿಲ್ಲ, ಹೊಗೆ ಉಗುಳಲಿಲ್ಲ, ಇಳಿಜಾರು ಬೇಕಾಗಲಿಲ್ಲ. ಮೇಲಿನ ಕಿಟಕಿಯಿಂದ ಟೈಲರಮ್ಮ ಗುಂಡುಪಿನ್ನು ತೆಗೆದು ಚಪ್ಪಾಳೆ ಹೊಡೆದರು. "ಅಯ್ಯೋ ಮಾಮ, ನಿಮ್ಮ ಕೆಲ್ಸ ಹೋಯ್ತಲ್ಲಾ! ಪಿಂಚಣಿ ಎಷ್ಟು ಕೊಡ್ತಾರಂತೆ ಅತ್ತೆ?"

ಬೀದಿಯೆಲ್ಲ ನಕ್ಕಿತು. ಅತ್ತೆಯೂ ನಕ್ಕು, ಕೈಬೀಸಿ, ಇಟ್ಟಿಗೆಯನ್ನು ಸೀಟಿನ ಕೆಳಗೆ ತಳ್ಳಿ ಹೊರಟರು. ಮಾಮ ಮಾತ್ರ ನಗಲಿಲ್ಲ. ಸಂಜೆ ಅತ್ತೆ "ಸೀಲು?" ಎಂದಾಗ, "ಒಂದ್ಸಲ ಎದ್ದ ಮಾತ್ರಕ್ಕೆ ಸೀಲು ಹಾಕ್ತಾರಾ? ಕಳ್ಳ ಪರೀಕ್ಷೆ ಬಾಕಿ ಇದೆ. ಸೀಟಿನ ಕೆಳಗೆ ಹಂಗೇ ಬಿದ್ದಿರ್ಲಿ. ಚಾರ್ಜ್ ಹಾಕ್ಬೇಡ, ಮುಟ್ಲೂಬೇಡ. ಇನ್ಯಾವತ್ತೋ ಅದು ಮೈಮರೆತಾಗ ನೋಡೋಣ" ಎಂದು ಮುಖ ತಿರುಗಿಸಿದರು.

ಮರುದಿನ ಬೆಳಗ್ಗೆ ಮಾಮನಿಗೆ ಎಚ್ಚರವಾಯಿತು, ಆದರೆ ಏಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಇಟ್ಟಿಗೆ ಇದೆಯಲ್ಲ, ಅದೇ ನೋಡಿಕೊಳ್ಳಲಿ ಎಂಬ ಮುನಿಸು. ಅತ್ತೆ ಲೋಟ ತೊಳೆದರು, ಮೆಟ್ಟಿಲಿಳಿದರು. ಮಾಮ ಕಿವಿ ನಿಮಿರಿಸಿ ಕಾದರು. 'ಟಕ್' ಕೇಳಿಸಲೇ ಇಲ್ಲ. ಕೀ ತಿರುಗಿಸಿದ್ದೇ ತಡ, ಅಜ್ಜಿ ಹೊಸ ಮದುಮಗಳ ಹಾಗೆ ತಾನೇ ಎದ್ದು ಹೋಯಿತು. ಅದರ ಮರುದಿನವೂ ಹಾಗೇ, ಮತ್ತೊಂದು ದಿನವೂ ಹಾಗೇ. ಇಟ್ಟಿಗೆಯನ್ನು ಯಾರೂ ಮುಟ್ಟಲಿಲ್ಲ.

"ಇಟ್ಟಿಗೇನ ನೋಡಿ ಹೆದ್ರಿಬಿಟ್ಟಿದೆ ಕಣ್ರೀ ಅಜ್ಜಿ" ಎಂದರು ಟೈಲರಮ್ಮ. "ನಮ್ಮನೆಯವರ ತಲೆದಿಂಬಿನ ಕೆಳಗೂ ಒಂದಿಡ್ತೀನಿ ತಾಳಿ, ಅವ್ರೂ ಬೆಳಗ್ಗೆ ಏಳಲ್ಲ." ಮೆಕ್ಯಾನಿಕ್ ಅಂತೂ, "ನಾನು ಅವತ್ತು ಬಾನೆಟ್ ಮುಚ್ಚಿದ ರೀತಿ ಇದ್ಯಲ್ಲ ಮಾಮ, ಅದ್ರಿಂದ್ಲೇ ಸರಿಹೋಗಿದ್ದು" ಎಂದು ಹಳೆಯ ಕೀರ್ತಿಯನ್ನೂ ಬಾಚಿಕೊಂಡ.

ಮಾಮನಿಗೆ ಮಾತ್ರ ತುತ್ತು ಇಳಿಯದು. ತಳ್ಳುವವನೂ ಬೇಡ, ಇಟ್ಟಿಗೆಯೂ ಬೇಡ ಎಂದರೆ ಏನರ್ಥ? ಇಷ್ಟು ವರ್ಷ ಮಲಗಿದ್ದ ಕಾರು ಈ ವಾರವೇ ಯಾಕೆ ಏಳಬೇಕು? ಅವರ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಸುಳ್ಳು ಹೇಳುತ್ತಿದ್ದ ತಕ್ಕಡಿ ಇದ್ದಕ್ಕಿದ್ದ ಹಾಗೆ ನಿಜ ಹೇಳಲು ಶುರುಮಾಡಿದರೆ, ತಕ್ಕಡಿಯನ್ನು ಬಿಚ್ಚಬಾರದು. ಅದರ ಹತ್ತಿರ ದಿನಾ ಯಾರು ನಿಲ್ಲುತ್ತಿದ್ದರು, ಈಗ ಯಾರು ನಿಲ್ಲುತ್ತಿಲ್ಲ ಎಂದು ನೋಡಬೇಕು. ಮಾಮ ಎಲ್ಲರನ್ನೂ ಲೆಕ್ಕಕ್ಕೆ ತಂದುಕೊಂಡರು. ಮೆಕ್ಯಾನಿಕ್, ಟೈಲರಮ್ಮ, ಹಾಲಿನವನು, ಎದುರು ಮನೆಯ ಬೆಕ್ಕು. ಯಾರೂ ಬದಲಾಗಿರಲಿಲ್ಲ.

ಭಾನುವಾರ ಊಟಕ್ಕೆ ಕೂತಾಗ ಅತ್ತೆ ನಿಟ್ಟುಸಿರು ಬಿಟ್ಟರು. "ಒಂದು ಸರಿಹೋಯ್ತು ಅಂದ್ರೆ ಇನ್ನೊಂದು. ಈ ವಾರ ಕೂಲರ್ ಕೆಟ್ಟಿದೆ ರೀ. ಬೆಳಗ್ಗೆ ಮುಟ್ಟಿದ್ರೆ ತಂಪೇ ಇರಲ್ಲ. ಟೈಲರಮ್ಮನ ಫ್ರಿಜ್ಜಿಂದ ಐಸ್ ಇಸ್ಕೊಂಡು ಹೇಗೋ ತಳ್ಳಿದೆ. ಮೊದ್ಲೆಲ್ಲ ಎಷ್ಟು ಚೆನ್ನಾಗಿ ತಂಪು ಹಿಡಿದಿಟ್ಕೊಳ್ತಿತ್ತು..."

ಮಾಮನ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು.

"ಏನಾಯ್ತು? ಕಲ್ಲು ಸಿಕ್ತಾ?"

"ಹ್ಞಾಂ? ಹೂಂ. ಸಣ್ಣದು."

ಅತ್ತೆ ಮಧ್ಯಾಹ್ನದ ನಿದ್ದೆಗೆ ಹೋದ ಮೇಲೆ ಮಾಮ ಕೀ ಗೊಂಚಲು ಹಿಡಿದು ಕೆಳಗಿಳಿದರು. ಮೊದಲು ಡ್ರೈವರ್ ಸೀಟಿನಲ್ಲಿ ಕೂತು ಕೀ ತಿರುಗಿಸಿ ನೋಡಿದರು. ಅಜ್ಜಿ ತಕ್ಷಣ ಎದ್ದಿತು. ಆಫ್ ಮಾಡಿದರು. ಡಿಕ್ಕಿ ತೆರೆದು ಕೂಲರಿನ ವೈರು ಸಿಕ್ಕಿಸಿದರು. 'ಗುಂಯ್' ಎಂದಿತು. ಕೆಳಗಿನ ಕೋಣೆಗೆ ಹೋಗಿ ಕೂತರು. ಯಾವ ತಕ್ಕಡಿಯನ್ನೂ ಮುಟ್ಟಲಿಲ್ಲ, ಹಿತ್ತಾಳೆ ಬೀಗವನ್ನು ಈ ಕೈಯಿಂದ ಆ ಕೈಗೆ ಹಾಕಿಕೊಳ್ಳುತ್ತಾ ಕಾದರು. ಬೆಳಗಿನ ಹೊತ್ತು ಎಷ್ಟು ಕಾಯುತ್ತಿದ್ದರೋ ಅಷ್ಟೇ ಕಾದರು. ಹೋಗಿ ವೈರು ಕಿತ್ತರು. ಡಬ್ಬ ಮುಟ್ಟಿದರೆ ಹಿತವಾದ ತಂಪು. ಮತ್ತೆ ಡ್ರೈವರ್ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಕೀ ತಿರುಗಿಸಿದರು.

'ಟಕ್.'

ತಾನು ಕಾರಿನ ಹಿಂದಿನಿಂದಲೇ ಕೇಳುತ್ತಿದ್ದ ಸದ್ದು, ಮೊದಲ ಬಾರಿಗೆ ಮುಂದಿನಿಂದ ಕೇಳಿಸಿತು. ಇಷ್ಟು ವರ್ಷ ಒಂದು ಕೈಯಲ್ಲಿ ಕಾರನ್ನು ಮಲಗಿಸಿ ಇನ್ನೊಂದು ಕೈಯಲ್ಲಿ ತಳ್ಳಿದವನು ತಾನೇ! ಅತ್ತೆ ಕೀ ತಿರುಗಿಸಿ ಕಂಗಾಲಾದದ್ದು, ಹಸಿದ ಅಜ್ಜಂದಿರು ಫೋನಿನಲ್ಲಿ ರೇಗಿದ್ದು, ಹೊಸ ಬ್ಯಾಟರಿಗಳು ಅಕಾಲದಲ್ಲಿ ಸತ್ತದ್ದು, ಎಲ್ಲ ಒಟ್ಟಿಗೆ ಬಂದು ಮಾಮನ ತಲೆಯ ಮೇಲೆ ಕೂತವು.

ಹಾಗೇ ಕೂತಿದ್ದಾಗ ಕಾಲಿಗೆ ಏನೋ ತಾಗಿತು. ಸೀಟಿನ ಕೆಳಗೆ ಇಟ್ಟಿಗೆ. ಒಂದು ವಾರದಿಂದ ಚಾರ್ಜಿಲ್ಲದೆ, ಬಿಸಿಲು ಚಳಿಯಲ್ಲಿ, ಯಾರೂ ಕೇಳದೆ ಬಿದ್ದಿತ್ತು. ಮೈಮರೆತಿತ್ತು. ಮಾಮ ತಾವು ಸೋತ ಹೊತ್ತಿನಲ್ಲೂ ಕಸುಬುದಾರರೇ. ಇಳಿದು, ಬಾನೆಟ್ ಎತ್ತಿ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಕಚ್ಚಿಸಿದರು. ಹಸಿರು ದೀಪ ಒಂದು ಕ್ಷಣ ಯೋಚಿಸಿ, ಹತ್ತಿತು. ಬಂದು ಕೀ ತಿರುಗಿಸಿದರೆ, 'ಗ್ರ್ರ್ ರ್ರ್!'

"ಕಳ್ಳ! ಕಾರ್ ಕಳ್ಳ!" ಎಂದು ಅತ್ತೆ ಬಿಚ್ಚಿದ ಕೂದಲಿನಲ್ಲಿ, ಕೈಗೆ ಸಿಕ್ಕ ಪೊರಕೆಯೊಂದಿಗೆ ಮೆಟ್ಟಿಲು ಹಾರಿಕೊಂಡು ಬಂದರು. ನೋಡಿದರೆ ಮಾಮ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಅಪ್ಪಿಕೊಂಡು, ಕಾರು ಹಾರಿಹೋಗದಂತೆ ಹಿಡಿದವರ ಹಾಗೆ ಕೂತಿದ್ದರು.

"ನೀವಾ? ಏನ್ ಮಾಡ್ತಿದ್ದೀರ ಅಲ್ಲಿ?"

"ಕಳ್ಳನ್ನ ಹಿಡಿದೆ."

"ಎಲ್ಲಿ?"

"ಇಲ್ಲೇ ಕೂತಿದ್ದಾನಲ್ಲ."

ಮಾಮ ಎಲ್ಲ ಹೇಳಿದರು. ಡಿಕ್ಕಿಯ ಸಾಕೆಟ್ಟು, ಕತ್ತಲಲ್ಲಿ ಏಳುತ್ತಿದ್ದದ್ದು, ಕೈಯಲ್ಲಿ ಹಿಡಿದ ಚಪ್ಪಲಿ, ಲೋಟದ ಸದ್ದು. ಡಬ್ಬ ತಂಪು ಹಿಡಿದಿಡುತ್ತಿರಲಿಲ್ಲ, ತಾನು ಬ್ಯಾಟರಿಯ ರಕ್ತ ಹೀರಿ ಅದಕ್ಕೆ ಕುಡಿಸುತ್ತಿದ್ದೆ ಎಂದರು. ಅತ್ತೆ ಪೊರಕೆ ಊರಿಕೊಂಡು ಕೇಳಿದರು. ಮೊದಲು ತುಟಿ ಅದುರಿತು, ಆಮೇಲೆ ಹೊಟ್ಟೆ ಕುಣಿಯಿತು, ಆಮೇಲೆ ಬಾನೆಟ್ಟಿಗೆ ಒರಗಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಟೈಲರಮ್ಮ ಕಿಟಕಿಯಿಂದ, "ಏನ್ರೀ ಜೋಕು? ನಮಗೂ ಒಂಚೂರು ಎಸೀರಿ ಮೇಲಕ್ಕೆ!" ಎಂದು ಅಂಗಲಾಚಿದರು.

"ನಗ್ಬೇಡ ಕಣೇ. ಬಯ್ಯಿ. ಎಷ್ಟು ಬೆಳಗ್ಗೆ ಹಾಳ್ ಮಾಡ್ದೆ ನಿಂದು."

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಅಷ್ಟು ಹೊತ್ತಿಗೆ ಏಳ್ತಿದ್ರಾ? ದಿನಾ?"

"ಹೂಂ."

"ನಾನು ಒಬ್ಬಳೇ ನಿಂತ್ಕೊಂಡು ಕಾಫಿ ಕುಡೀತಿದ್ದೆ. ಈ ಮನುಷ್ಯನಿಗೆ ಕೆಳಗೆ ಅದೇನು ಕುಟ್ಟೋದಿರುತ್ತೋ, ಹೆಂಡ್ತಿ ಜೊತೆ ಒಂದು ಲೋಟ ಕಾಫಿಗೂ ಪುರುಸೊತ್ತಿಲ್ಲ ಅಂತ ಬೈಕೊಳ್ತಿದ್ದೆ."

ಮಾಮನಿಗೆ ಇದು ಗೊತ್ತಿರಲಿಲ್ಲ. ಇಳಿಯಲು ಹೋದವರು ಇಳಿಯದೆ ಕೂತರು.

"ಮತ್ತೆ ಈ ವಾರ ಮುಖ ಊದಿಸ್ಕೊಂಡು ಮಲಗಿದ್ರಲ್ಲ, ಅದ್ಯಾಕೆ?"

"ಇಟ್ಟಿಗೆ ಬಂತಲ್ಲ. ಇನ್ನು ನಾನ್ಯಾಕೆ ಅಂತ."

"ಇಟ್ಟಿಗೆ ಕೈ ಎತ್ತುತ್ತಾ?" ಎಂದರು ಅತ್ತೆ. "ತಿರುವಿಗೆ ಹೋಗೋ ತನಕ ಕನ್ನಡೀಲಿ ನೀವು ಕಾಣ್ತಿದ್ರಿ. ಸೊಂಟದ ಮೇಲೆ ಕೈ ಇಟ್ಕೊಂಡು, ಕೊನೇಲಿ ಒಂದು ಕೈ ಎತ್ತಿ. ಅದನ್ನ ನೋಡಿ ಆಮೇಲೆ ಗೇರ್ ಹಾಕ್ತಿದ್ದೆ. ಒಂದು ವಾರದಿಂದ ಕನ್ನಡೀಲಿ ಬರೀ ಬೀದಿ. ನನಗೇನು ಹಿತ ಅನ್ಸಿತ್ತು ಅಂದ್ಕೊಂಡ್ರಾ?"

ಮಾಮ ತಲೆಯ ಮೇಲಿನ ಕನ್ನಡಿಯನ್ನು ನೋಡಿದರು. ಅದರಲ್ಲಿ ಇಳಿಜಾರು, ಹಾಲಿನವನ ಸೈಕಲ್ಲು, ಎದುರು ಮನೆಯ ಬೆಕ್ಕು. ಹೌದು, ತಾನು ನಿಲ್ಲುತ್ತಿದ್ದ ಜಾಗ ಅಷ್ಟೂ ಅದರೊಳಗೆ ಕಾಣುತ್ತಿತ್ತು.

"ನಾಳೆಯಿಂದ ಐಸ್ ಚೀಲ ನಮ್ಮ ಫ್ರಿಜ್ಜಲ್ಲೇ ಇಡೋಣ, ಡಬ್ಬಕ್ಕೆ ಅದು ಸಾಕು" ಎಂದರು ಅತ್ತೆ. "ನೀವು ಕೂತ್ಕೊಂಡು ಕಾಫಿ ಕುಡೀಬೇಕು. ಆಮೇಲೆ ಬಂದು ಕೈ ಎತ್ತಬೇಕು. ಅದನ್ನ ತಪ್ಪಿಸಿದ್ರೆ ನೋಡಿ. ಈಗ ಇಳೀರಿ, ಪೆಟ್ರೋಲ್ ಸುಡ್ತಿದೆ."

"ಇಳೀತೀನಿ. ಇದನ್ನ ಆಫ್ ಮಾಡೋಕೆ ಭಯ ಆಗ್ತಿದೆ. ಮತ್ತೆ ಏಳದಿದ್ರೆ?"

"ನಿಮ್ಮ ಇಟ್ಟಿಗೆ ಇದ್ಯಲ್ಲ!"

ಅತ್ತೆ ಬಾಗಿಲಿನ ಒಳಗೆ ಕೈ ಹಾಕಿ ತಾವೇ ಕೀ ತಿರುಗಿಸಿದರು. ಬೀದಿ ಮೌನವಾಯಿತು. ಮೇಲಿನಿಂದ ಹೊಲಿಗೆ ಯಂತ್ರದ ಸದ್ದು ಮಾತ್ರ.

ಸಂಜೆ ಮಾಮ ಕೆಳಗಿನ ಕೋಣೆಯಲ್ಲಿ ದೀಪ ಹಚ್ಚಿ, ಇಟ್ಟಿಗೆಯನ್ನು ಮೇಜಿನ ಮೇಲಿಟ್ಟು ಅದರ ಮುಂದೆ ಕೂತರು. ಮೂರೂ ಪರೀಕ್ಷೆ ದಾಟಿತ್ತು. ಮಾಮ ತಂತಿ ಕತ್ತರಿಸಿ, ಇಟ್ಟಿಗೆಯ ವೈರಿನ ಬುಡಕ್ಕೆ ಸುತ್ತಿ, ಗುಂಡು ಪೋಣಿಸಿ, ಇಕ್ಕಳದಿಂದ ಒತ್ತಿದರು. ಒಳ್ಳೆಯ ಸೀಲು. ಅತ್ತೆಯ ಕೈಗೆ ಕೊಟ್ಟಾಗ ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ, "ಅಂತೂ ಪಾಸು" ಎಂದರು. "ರಟ್ಟಿನ ಮೇಲಿರೋ ಸೊನ್ನೆಗಳನ್ನ ನಂಬಬೇಡ" ಎಂದು ಮಾಮ ಒಂದು ಕೊಂಕು ಉಳಿಸಿಕೊಂಡೇ ಹೇಳಿದರು. "ತಿಂಗಳಿಗೊಮ್ಮೆ ಚಾರ್ಜು ಮಾಡು, ಬಿಸಿಲಲ್ಲಿ ಬಿಡ್ಬೇಡ. ಅಷ್ಟಾದ್ರೆ ನಂಬಬಹುದು."

ಅತ್ತೆ ಊಟಕ್ಕೆ ಕರೆದರು. "ಬಂದೆ, ಒಂದು ಕೆಲ್ಸ ಬಾಕಿ ಇದೆ" ಎಂದು ಮಾಮ ಇಕ್ಕಳ, ತಂತಿ, ಇನ್ನೊಂದು ಸೀಸದ ಗುಂಡು ಹಿಡಿದು ಬೀದಿಗೆ ಬಂದರು. ಡಿಕ್ಕಿ ತೆರೆದು, ಸೊಂಟಕ್ಕೆ ನೋವಾಗದಂತೆ ಮೆಲ್ಲಗೆ ಬಗ್ಗಿದರು. ಸಾಕೆಟ್ಟಿನ ಮುಚ್ಚಳ ಹಾಕಿ, ಯಾರೂ ತೆರೆಯದಂತೆ ತಂತಿಯಿಂದ ಬಿಗಿದು, ಗುಂಡನ್ನು ಒತ್ತಿ ಕೆಟ್ಟ ಸೀಲು ಹಾಕಿದರು. ಹಾಕಿದ ಮೇಲೆ ತಮ್ಮ ಕೈಯನ್ನೇ ನಂಬದವರ ಹಾಗೆ ಅದನ್ನು ಎರಡು ಸಲ ಜಗ್ಗಿ ನೋಡಿ, ಡಿಕ್ಕಿ ಮುಚ್ಚಿ, ಊಟಕ್ಕೆ ಮೇಲೆ ಹೋದರು.